ತಪ್ಪು ಉತ್ತರ ಯಾರ ಸೊತ್ತು?

ಪ್ರತಿ ವರ್ಷ ಮೇ ತಿಂಗಳ ಸುಮಾರಿಗೆ ನಮ್ಮ ಪತ್ರಿಕೆಗಳಲ್ಲಿ ಒಂದು ಪಟ್ಟಿ ಅಚ್ಚಾಗುತ್ತದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಯಾವ ಜಿಲ್ಲೆ ಮೊದಲು, ಯಾವುದು ಕೊನೆ, ಹೋದ ವರ್ಷ ಐದನೆಯದಾಗಿದ್ದದ್ದು ಈ ವರ್ಷ ಎಲ್ಲಿಗೆ ಇಳಿಯಿತು, ಇವೆಲ್ಲವೂ ಅದರಲ್ಲಿ ಉಂಟು. ನಮ್ಮ ತಂದೆಯವರ ಕಾಲದಲ್ಲಿ ಅದೇ ಪತ್ರಿಕೆಯಲ್ಲಿ ಹುಡುಗರ ನಂಬರುಗಳು ಸಾಲುಸಾಲಾಗಿ ಬರುತ್ತಿದ್ದುವಂತೆ. ಓದುವವರು ಕನ್ನಡಕ ಏರಿಸಿಕೊಂಡು ತಮ್ಮ ಮನೆಯ ಒಂದು ನಂಬರನ್ನು ಹುಡುಕುತ್ತಿದ್ದರು. ಈಗ ನಾವು ಹುಡುಕುವುದು ಜಿಲ್ಲೆಯನ್ನು. ಮನೆಯಲ್ಲಿ ಪರೀಕ್ಷೆಗೆ ಕುಳಿತ ಮಕ್ಕಳಿಲ್ಲದವರೂ ಕೂಡ ತಮ್ಮ ಜಿಲ್ಲೆ ಮೂರು ಮೆಟ್ಟಿಲು ಇಳಿದದ್ದನ್ನು ಕಂಡು ನಿಟ್ಟುಸಿರು ಬಿಡುತ್ತಾರೆ. ಪಟ್ಟಿಯಲ್ಲಿ ಮಗು ಇದ್ದ ಜಾಗಕ್ಕೆ ಶೇಕಡ ಎಂಬುದು ಬಂದು ಕುಳಿತಿದೆ. ಈ ಬದಲಾವಣೆ ಸಣ್ಣದಲ್ಲವೆಂದು ನನ್ನ ಭಾವನೆ. ಅದರ ಬೆನ್ನು ಹತ್ತಿ ಸ್ವಲ್ಪ ದೂರ ಹೋಗೋಣ.

ನಾನು ಹೇಳಹೊರಟಿರುವುದು ಮುಖ್ಯವಾಗಿ ಸರಕಾರಿ ಶಾಲೆಯ ವಿಚಾರ. ಪಬ್ಲಿಕ್ ಸ್ಕೂಲಿನ ವಿಚಾರ ಎನ್ನಬಹುದಾಗಿತ್ತು. ಆದರೆ ನಮ್ಮಲ್ಲಿ ಪಬ್ಲಿಕ್ ಸ್ಕೂಲ್ ಎಂದರೆ ಪಬ್ಲಿಕ್ಕಿಗೆ ಎಟುಕದ ಶಾಲೆ ಎಂದು ಅರ್ಥ. ಈಚಿನ ವರ್ಷಗಳಲ್ಲಿ ಸರಕಾರವೇ ತನ್ನ ಕೆಲವು ಶಾಲೆಗಳಿಗೆ ಕರ್ನಾಟಕ ಪಬ್ಲಿಕ್ ಶಾಲೆ ಎಂದು ಹೆಸರಿಟ್ಟು ಗೊಂದಲವನ್ನು ಇನ್ನಷ್ಟು ಗಟ್ಟಿಮಾಡಿದೆ. ಇರಲಿ.

2023ನೆಯ ಇಸವಿಯಲ್ಲಿ ಈ ಪರೀಕ್ಷೆಯಲ್ಲಿ ಶೇಕಡ 83.89 ಮಂದಿ ತೇರ್ಗಡೆಯಾದರು. ಮರುವರ್ಷ, 2024ರಲ್ಲಿ, ಪರೀಕ್ಷೆಯ ಕೊಠಡಿಗಳಿಗೆ ಕ್ಯಾಮೆರಾ ಬಂತು. ಒಳಗೆ ನಡೆಯುವುದನ್ನು ದೂರದ ಕಛೇರಿಯಲ್ಲಿ ಕುಳಿತು ನೋಡುವ ವ್ಯವಸ್ಥೆ. ವೆಬ್‌ಕಾಸ್ಟಿಂಗ್ ಎಂದು ಅದಕ್ಕೆ ಹೆಸರು. ಆ ವರ್ಷದ ಫಲಿತಾಂಶ ಶೇಕಡ 73.40. ಹತ್ತು ಅಂಶ ಕುಸಿಯಿತೆಂದು ಎಲ್ಲರೂ ಕಳವಳಪಟ್ಟರು. ಆದರೆ ಆ 73 ಕೂಡ ಊರುಗೋಲು ಹಿಡಿದು ನಿಂತ ಅಂಕಿ. ಕೃಪಾಂಕದ ಮಿತಿಯನ್ನು ಶೇಕಡ 10ರಿಂದ 20ಕ್ಕೆ ಏರಿಸಿದ್ದರು. ಕೃಪಾಂಕ ಪಡೆಯುವುದಕ್ಕೆ ಇರಬೇಕಾದ ಒಟ್ಟು ಅಂಕವನ್ನು ಶೇಕಡ 35ರಿಂದ 25ಕ್ಕೆ ಇಳಿಸಿದ್ದರು. ಹೀಗೆ ದಾಟಿಕೊಂಡವರು ಒಂದೂವರೆ ಲಕ್ಷಕ್ಕೂ ಮಿಕ್ಕವರು. ಈ ಕೃಪೆ ಇಲ್ಲದಿದ್ದರೆ ಫಲಿತಾಂಶ ಶೇಕಡ 54ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತೆಂದು ಆಗ ವರದಿಯಾಯಿತು. 2023ರಲ್ಲಿ ಮೊದಲ ಸ್ಥಾನ ಪಡೆದ ಜಿಲ್ಲೆ 2024ರಲ್ಲಿ ಮೊದಲ ಹತ್ತರಲ್ಲೂ ಕಾಣಲಿಲ್ಲ. 2025ರಲ್ಲಿ ಕೃಪಾಂಕವನ್ನು ಕೈಬಿಟ್ಟರು, ಕ್ಯಾಮೆರಾ ಉಳಿಯಿತು, ಫಲಿತಾಂಶ ಶೇಕಡ 66.14 ಆಯಿತು.

(2021ರ ಸಂಗತಿಯೊಂದನ್ನು ಇಲ್ಲಿ ಹೇಳದಿರಲಾರೆ. ಕೋವಿಡ್ ಕಾಲವಾದ್ದರಿಂದ ಪರೀಕ್ಷೆಯನ್ನು ಎರಡೇ ದಿನಕ್ಕೆ ಇಳಿಸಿ, ಎಲ್ಲರನ್ನೂ ಉತ್ತೀರ್ಣಗೊಳಿಸುವ ನಿರ್ಧಾರವಾಗಿತ್ತು. ಲಕ್ಷಾಂತರ ಅಭ್ಯರ್ಥಿಗಳಲ್ಲಿ ಅನುತ್ತೀರ್ಣರಾದವರು ಒಬ್ಬರೇ. ತಮ್ಮ ಬದಲು ಬೇರೊಬ್ಬರನ್ನು ಪರೀಕ್ಷೆಗೆ ಕೂರಿಸಿದವರು ಅವರು. ಸುಮ್ಮನೆ ಬಂದು ಕುಳಿತಿದ್ದರೆ ಸಾಕಿತ್ತು.)

ಈ ಅಂಕಿಗಳನ್ನು ಓದಿದವರೆಲ್ಲ 2024ರಲ್ಲಿ ವ್ಯಸನಪಟ್ಟರಷ್ಟೆ. 2023ರಲ್ಲಿ ಏಕೆ ಪಡಲಿಲ್ಲ ಎಂಬುದು ನನ್ನ ಪ್ರಶ್ನೆ. ಹನ್ನೆರಡು ತಿಂಗಳಲ್ಲಿ ನಾಡಿನ ಮಕ್ಕಳು ದಡ್ಡರಾಗುವುದಿಲ್ಲ. ಉಪಾಧ್ಯಾಯರೂ ಪಾಠ ಮರೆಯುವುದಿಲ್ಲ. ಕ್ಯಾಮೆರಾದ ಕಣ್ಣು ಕಂಡು ಬರುವ ಉತ್ತರವನ್ನೂ ಮರೆತ ಪುಕ್ಕಲು ಹುಡುಗರು ಕೆಲವರು ಇದ್ದಾರು. ಅವರ ಲೆಕ್ಕವನ್ನು ತೆಗೆದರೂ ಉಳಿಯುವ ಅಂತರ ದೊಡ್ಡದು. ಹಾಗಾದರೆ ಕುಸಿದದ್ದು ಕಲಿಕೆಯಲ್ಲ, ಕಲಿಕೆಯ ಮೇಲೆ ಹೊದಿಸಿದ್ದ ಬಟ್ಟೆ. ಬಟ್ಟೆ ಜಾರಿದಾಗ ನಾಚಿದೆವು, ಹೊದಿಸುವಾಗ ನಾಚಲಿಲ್ಲ.

ಪರೀಕ್ಷೆಯಲ್ಲಿ ಮೋಸ ನಡೆದರೆ ಅನ್ಯಾಯವಾಗುವುದು ಯಾರಿಗೆ? ಸಾಮಾನ್ಯವಾಗಿ ಕೊಡುವ ಉತ್ತರ, ಪ್ರಾಮಾಣಿಕವಾಗಿ ಓದಿದ ಹುಡುಗನಿಗೆ ಎಂಬುದು. ಅದು ಸುಳ್ಳಲ್ಲ, ಆದರೆ ಅದು ಓಟದ ಪಂದ್ಯದ ನ್ಯಾಯ. ಇಲ್ಲಿ ಪಕ್ಕದವನ ಪದಕ ಕದ್ದದ್ದಕ್ಕಿಂತ ದೊಡ್ಡ ಕಳವು ಒಂದು ನಡೆದಿರುತ್ತದೆ. ಯಾರಿಗೆ ಸಹಾಯ ಮಾಡಿದೆವೆಂದು ಕೊಠಡಿಯ ಮೇಲ್ವಿಚಾರಕರು ಭಾವಿಸಿ ಉತ್ತರವನ್ನು ಹೇಳಿಕೊಡುತ್ತಾರೋ ಆ ಮಗುವಿನ ವಸ್ತುವೇ ಹೋಗಿರುತ್ತದೆ. ಆ ವಸ್ತು ಯಾವುದೆಂದರೆ, ಅದರ ತಪ್ಪು ಉತ್ತರ.

ಇದು ವಿಚಿತ್ರವಾಗಿ ಕೇಳಿಸಬಹುದು. ತಪ್ಪು ಉತ್ತರವೂ ಒಂದು ಆಸ್ತಿಯೆ? ವೈದ್ಯರಲ್ಲಿಗೆ ಹೋದ ರೋಗಿಗೆ ಜ್ವರದ ಅಂಕಿ ಹೇಗೋ ಹಾಗೆ ಎನ್ನುತ್ತೇನೆ. ನೂರಮೂರು ಡಿಗ್ರಿ ಎಂಬುದು ರೋಗಿಯ ಅವಮಾನವಲ್ಲ. ಮದ್ದು ಕೇಳುವುದಕ್ಕೆ ಅವನಿಗಿರುವ ಹಕ್ಕುಪತ್ರ. ಆಸ್ಪತ್ರೆಯ ಗೌರವಕ್ಕಾಗಿ ದಾದಿ ಅದನ್ನು ತೊಂಬತ್ತೆಂಟು ಎಂದು ಬರೆದುಕೊಂಡಳೆನ್ನಿ. ಆಸ್ಪತ್ರೆಗೆ ಬಹುಮಾನ ಬಂದೀತು; ರೋಗಿಯನ್ನು ಮನೆಗೆ ಕಳುಹಿಸುತ್ತಾರೆ. ಹತ್ತು ವರ್ಷ ಶಾಲೆಗೆ ಬಂದೂ ಭಾಗಾಕಾರ ಬಾರದ ಹುಡುಗ ತನಗೆ ಭಾಗಾಕಾರ ಬಾರದೆಂದು ಯಾರ ಎದುರಿಗೂ ಬಾಯಿಬಿಟ್ಟು ಹೇಳಲಾರ. ಹೇಳುವುದಕ್ಕೆ ಅವನಿಗಿರುವುದು ಒಂದೇ ಮಾರ್ಗ, ಉತ್ತರಪತ್ರಿಕೆ. ಅದರಲ್ಲಿಯೂ ಅವನ ಬಾಯಿಗೆ ಇನ್ನೊಬ್ಬರ ಮಾತು ತುರುಕಿದರೆ ಅವನು ಯಾವ ನ್ಯಾಯಾಲಯಕ್ಕೆ ಹೋಗಬೇಕು?

ಇದು ನಮ್ಮ ನಾಡಿನ ರೋಗವೊಂದೇ ಅಲ್ಲ, ಹೊಸ ರೋಗವೂ ಅಲ್ಲ. 1862ರಲ್ಲಿ ಇಂಗ್ಲೆಂಡಿನಲ್ಲಿ, ರಾಬರ್ಟ್ ಲೋ ಎಂಬ ಮುತ್ಸದ್ದಿಯ ಯೋಜನೆಯಂತೆ, ಫಲಿತಾಂಶಕ್ಕೆ ತಕ್ಕ ಹಣ ಎಂಬ ಕಟ್ಟಳೆ ಬಂತು. ಮಗುವಿನ ಹಾಜರಿಗೆ ವರ್ಷಕ್ಕೆ ನಾಲ್ಕು ಷಿಲಿಂಗು. ಪರೀಕ್ಷೆಗೆ ಇನ್ನು ಎಂಟು. ಓದು, ಬರಹ, ಲೆಕ್ಕ ಇವುಗಳಲ್ಲಿ ಒಂದೊಂದರಲ್ಲಿ ಮಗು ಸೋತಂತೆಲ್ಲ ಎರಡು ಷಿಲಿಂಗು ಎಂಟು ಪೆನ್ಸಿನಂತೆ ಕಡಿತ. ಅಂಗಡಿಯವನ ತಕ್ಕಡಿಯಷ್ಟು ಸ್ಪಷ್ಟ. ಕವಿಯೆಂದೂ ವಿಮರ್ಶಕನೆಂದೂ ನಾವು ಬಲ್ಲ ಮ್ಯಾಥ್ಯೂ ಆರ್ನಲ್ಡ್ ಹೊಟ್ಟೆಪಾಡಿಗೆ ಶಾಲಾ ಇನ್‌ಸ್ಪೆಕ್ಟರಾಗಿದ್ದವನು. ಮೂವತ್ತೈದು ವರ್ಷ ಆ ಕೆಲಸದಲ್ಲಿ ಸವೆದ. ಓದಲು ಬರೆಯಲು ಲೆಕ್ಕ ಮಾಡಲು ನಿಜವಾಗಿ ಬಾರದ ಮಕ್ಕಳನ್ನೂ ಜಾಣ ತಯಾರಿಯಿಂದ ಓದು ಬರಹ ಲೆಕ್ಕಗಳ ಪರೀಕ್ಷೆಯಲ್ಲಿ ದಾಟಿಸುವುದು ಸಾಧ್ಯವಾಗಿದೆಯೆಂದು ಅವನು ತನ್ನ ವರದಿಯಲ್ಲಿ ಸರಕಾರಕ್ಕೇ ತಿಳಿಸಿದ. ವಾಚನಪುಸ್ತಕವನ್ನು ಉರುಹೊಡೆದ ಮಕ್ಕಳು ಪುಸ್ತಕ ತಲೆಕೆಳಗಾಗಿದ್ದರೂ ನಿರರ್ಗಳವಾಗಿ 'ಓದು'ತ್ತಿದ್ದರೆಂಬ ಕಥೆಗಳು ಆ ಕಾಲದವು. ಆ ಕಟ್ಟಳೆಯನ್ನು ಬಿಡಬೇಕಾದರೆ ಇಂಗ್ಲೆಂಡಿಗೆ 1890ರ ದಶಕದವರೆಗೆ ಕಾಲ ಹಿಡಿಯಿತು. ಇಷ್ಟರೊಳಗೆ ಅದೇ ಮಾದರಿ ಹಡಗು ಹತ್ತಿ ಮುಂಬಯಿ ಮದರಾಸು ಆಧಿಪತ್ಯಗಳ ಅನುದಾನದ ನಿಯಮಗಳೊಳಗೂ ಬಂದಿತ್ತು. ಧಾರವಾಡದ ಕಡೆಯೂ ಮಂಗಳೂರಿನ ಕಡೆಯೂ ನಮ್ಮ ಹಿರಿಯರು ಶಾಲೆ ಕಲಿತದ್ದು ಆ ಆಧಿಪತ್ಯಗಳಲ್ಲೇ ಎಂಬುದನ್ನು ನೆನೆದರೆ, ಶೇಕಡದ ಭಯ ನಮಗೆ ಹೊಸತಾಗಿ ಬಂದದ್ದಲ್ಲವೆಂದು ತಿಳಿಯುತ್ತದೆ.

ಈ ಶತಮಾನದ ಉದಾಹರಣೆ ಬೇಕಾದರೆ ಅಮೆರಿಕಕ್ಕೆ ಹೋಗಬೇಕು. ಅಲ್ಲಿ ಪಬ್ಲಿಕ್ ಸ್ಕೂಲ್ ಎಂದರೆ ನಿಜವಾಗಿ ಸಾರ್ವಜನಿಕರ ಶಾಲೆ. 2002ರಲ್ಲಿ ಜಾರಿಗೆ ಬಂದ ಒಂದು ಕಾನೂನು, ಎಲ್ಲ ಶಾಲೆಗಳೂ ಏಕರೀತಿಯ ಪರೀಕ್ಷೆಗಳಲ್ಲಿ ವರ್ಷದಿಂದ ವರ್ಷಕ್ಕೆ ಮೇಲೇರಲೇಬೇಕೆಂದು ವಿಧಿಸಿತು. ಯಾವ ಮಗುವನ್ನೂ ಹಿಂದೆ ಬಿಡಬಾರದೆಂಬುದು ಆ ಕಾನೂನಿನ ಹೆಸರಿನ ತಾತ್ಪರ್ಯ. ಜಾರ್ಜಿಯ ರಾಜ್ಯದ ಅಟ್ಲಾಂಟ ನಗರದ ಶಾಲೆಗಳು ಬಹಳ ಬೇಗ ಮೇಲೇರಿದುವು. ಅಲ್ಲಿನ ಮಕ್ಕಳಲ್ಲಿ ಬಹುಮಂದಿ ಬಡ ಆಫ್ರಿಕನ್ ಅಮೆರಿಕನ್ ಕುಟುಂಬದವರಾದ್ದರಿಂದ ದೇಶವೇ ಬೆರಗಾಯಿತು. ಶಾಲೆಗಳ ಮುಖ್ಯಾಧಿಕಾರಿ ಬೆವರ್ಲಿ ಹಾಲ್ ಅವರಿಗೆ 2009ರಲ್ಲಿ ರಾಷ್ಟ್ರಮಟ್ಟದ ಗೌರವ ಸಂದಿತು. ಅದೇ ವರ್ಷದ ಉತ್ತರಪತ್ರಿಕೆಗಳನ್ನು ಯಂತ್ರದಲ್ಲಿ ಹಾಯಿಸಿದವರಿಗೆ ಒಂದು ವಿಶೇಷ ಕಂಡಿತು. ಪೆನ್ಸಿಲಿನಿಂದ ತುಂಬಿದ ವೃತ್ತಗಳನ್ನು ಅಳಿಸಿ ಬೇರೆ ತುಂಬಿದ್ದ ಗುರುತುಗಳು ವಿಪರೀತ. ಅಳಿಸಿದ್ದರಲ್ಲಿ ಬಹುಪಾಲು ತಪ್ಪಿನಿಂದ ಸರಿಗೆ ತಿರುಗಿತ್ತು! 2011ರ ಜುಲೈಯಲ್ಲಿ ಹೊರಬಂದ ತನಿಖೆಯ ವರದಿ 44 ಶಾಲೆಗಳ 178 ಮಂದಿ ಉಪಾಧ್ಯಾಯರನ್ನೂ ಮುಖ್ಯೋಪಾಧ್ಯಾಯರನ್ನೂ ಹೆಸರಿಸಿತು. ಅವರಲ್ಲಿ 82 ಮಂದಿ ತಪ್ಪೊಪ್ಪಿಕೊಂಡರು. ಒಂದು ಶಾಲೆಯವರಂತೂ ರಜೆಯ ದಿನ ಒಬ್ಬರ ಮನೆಯಲ್ಲಿ ಸೇರಿ ಈ ಕೆಲಸ ಮಾಡಿದ್ದರು. 2015ರಲ್ಲಿ ನ್ಯಾಯಾಲಯ ಹನ್ನೊಂದು ಮಂದಿಯನ್ನು ಅಪರಾಧಿಗಳೆಂದು ತೀರ್ಮಾನಿಸಿತು. ತಾನು ತಪ್ಪು ಮಾಡಿಲ್ಲವೆಂದೇ ಹೇಳುತ್ತ ಬಂದಿದ್ದ ಬೆವರ್ಲಿ ಹಾಲ್ ವಿಚಾರಣೆ ಎದುರಿಸುವ ಮೊದಲೇ ತೀರಿಕೊಂಡಿದ್ದರು.

ಅಟ್ಲಾಂಟದ ಸುದ್ದಿಯಲ್ಲಿ ನನ್ನನ್ನು ಕಾಡಿದ್ದು ಜೈಲಿನ ಮಾತಲ್ಲ, ರಬ್ಬರು. ಒಂದು ಮಗು ಬಹಳ ಯೋಚಿಸಿ, ನಾಲ್ಕು ವೃತ್ತಗಳಲ್ಲಿ ಒಂದನ್ನು ಒತ್ತಿ ತುಂಬಿತ್ತು. ಅದು ತಪ್ಪಾಗಿತ್ತು, ಆದರೆ ಅದರದಾಗಿತ್ತು. ರಾತ್ರಿ ಅದರ ಮಾಸ್ತರು, ಅದನ್ನು ಪ್ರೀತಿಸುತ್ತಿದ್ದವರೇ ಇರಬಹುದು, ಅದನ್ನು ಉಜ್ಜಿ ತೆಗೆದರು. ಮರುದಿನದಿಂದ ಆ ಮಗು ಕಾಗದದ ಮೇಲೆ ಓದಬಲ್ಲ ಮಗು. ಓದಬಾರದ ಮಕ್ಕಳಿಗೆಂದು ಕಾನೂನು ಏರ್ಪಡಿಸಿದ್ದ ಹೆಚ್ಚಿನ ಪಾಠ ಅದಕ್ಕೆ ತಪ್ಪಿತು. ಸುಧಾರಿಸಿತೆಂದು ದಾಖಲೆಯಾದ ಶಾಲೆಗೆ, ಹಿಂದುಳಿದ ಶಾಲೆಗೆ ಬರುವ ಹಣವೂ ತಪ್ಪಿತು. ಶಾಲೆಯ ಗೌರವವನ್ನು ಮಗುವಿನ ಖರ್ಚಿನಲ್ಲಿ ಕೊಂಡಂತಾಯಿತು.

ಇನ್ನು ಎದುರು ಪಕ್ಷದ ಮಾತನ್ನೂ ಕೇಳಬೇಕು. ಹಳ್ಳಿಯ ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಗಣಿತ ಹೇಳುತ್ತಿರುವ ಮಿತ್ರರೊಬ್ಬರೊಡನೆ ಈ ವಿಷಯ ಬಂದಾಗ ಅವರು ಹೀಗೆಂದರು: "ನೀವು ಕಾಲೇಜಿನಲ್ಲಿ ಕುಳಿತು ತಪ್ಪು ಉತ್ತರದ ಮಹಿಮೆ ಹೇಳುತ್ತೀರಿ. ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ಫೇಲಾದರೆ ಅವಳ ಅಪ್ಪ ಜೂನ್ ತಿಂಗಳಲ್ಲಿ ಗಂಡು ಹುಡುಕುತ್ತಾನೆ. ಹುಡುಗ ಫೇಲಾದರೆ ಬೆಂಗಳೂರಿನಲ್ಲಿ ಗಾರೆ ಕೆಲಸ. ಪಾಸಾದರೆ ಐ.ಟಿ.ಐ. ಉಂಟು, ಪಿ.ಯು.ಸಿ. ಉಂಟು. ಎರಡು ಅಂಕದ ಅಂತರದಲ್ಲಿ ಒಂದು ಬಾಳು ನಿಂತಿರುವಾಗ ಕಣ್ಣು ಮುಚ್ಚಿಕೊಂಡ ಮೇಲ್ವಿಚಾರಕನನ್ನು ನಾನು ಪಾಪಿ ಎನ್ನಲಾರೆ."

ಈ ಮಾತಿಗೆ ಥಟ್ಟನೆ ಉತ್ತರ ಹೇಳಬಲ್ಲೆನೆನ್ನುವವರು ಹಳ್ಳಿಯ ಶಾಲೆಯನ್ನು ಕಂಡವರಲ್ಲ. ದಯೆಗೂ ಸತ್ಯಕ್ಕೂ ಜಗಳ ಹತ್ತಿದಾಗ ಸತ್ಯವೇ ಗೆಲ್ಲಬೇಕೆಂದು ಗದ್ದುಗೆಯ ಮೇಲೆ ಕುಳಿತು ಹೇಳುವುದು ಸುಲಭ. ಆ ಹುಡುಗಿಯ ಮದುವೆ ತಪ್ಪಿಸುವುದಕ್ಕೆ ಒಂದು ಸುಳ್ಳು ಮಾತ್ರವೇ ದಾರಿಯಾಗಿದ್ದರೆ ನಾನೂ ಆ ಸುಳ್ಳನ್ನು ಬಹಳ ಹೊತ್ತು ಬೈಯಲಾರೆ. ಆದರೆ ಮಿತ್ರರ ವಾದದಲ್ಲಿ ಒಂದು ಕಡೆ ಬಿರುಕು ಉಂಟು. ಅವರು ಹೇಳಿದ್ದು ಒಬ್ಬ ಹುಡುಗಿಯ ವಿಚಾರ. ಕೊಠಡಿಯಲ್ಲಿ ನಡೆಯುವುದು ಇಡೀ ಸಾಲಿನ ವಿಚಾರ. ದಯೆ ಒಬ್ಬೊಬ್ಬರ ಮುಖ ನೋಡಿ ಹುಟ್ಟುವುದು, ಶೇಕಡಕ್ಕೆ ಮುಖವಿಲ್ಲ. ಶೂನ್ಯ ಫಲಿತಾಂಶದ ಶಾಲೆಯೆಂದು ಹೆಸರು ಬರಬಾರದು, ನೋಟೀಸು ಬರಬಾರದು, ಜಿಲ್ಲೆ ಇಳಿಯಬಾರದು, ಇವೇ ಮೊದಲ ಕಾರಣಗಳು. ಹುಡುಗಿಯ ಮದುವೆ ಆಮೇಲೆ, ಮನಸ್ಸಾಕ್ಷಿಯ ಸಮಾಧಾನಕ್ಕೆ, ಬಂದು ಸೇರುತ್ತದೆ. ನಿಜವಾದ ದಯೆ ಯಾವುದೆಂದು ತಿಳಿಯಬೇಕಾದರೆ ಅದೇ ಶಾಲೆ ತನ್ನ ಶೇಕಡಕ್ಕೆ ಹೊರೆಯಾಗುವ ಮಗುವನ್ನು ಏನು ಮಾಡುತ್ತದೆಂದು ನೋಡಬೇಕು. ಹತ್ತನೆಯದರ ಫಲಿತಾಂಶ ಕೆಡಿಸುತ್ತಾನೆಂದು ಒಂಬತ್ತರಲ್ಲೇ ವರ್ಗಾವಣೆ ಪತ್ರ ಕೈಗಿತ್ತು ಕಳುಹಿಸುವ ಖಾಸಗಿ ಶಾಲೆಗಳು ನಮ್ಮ ಊರುಗಳಲ್ಲಿ ಇಲ್ಲವೆ? ಅಲ್ಲಿ ಎರಡು ಅಂಕದ ಬಾಳು ಯಾರಿಗೂ ನೆನಪಾಗುವುದಿಲ್ಲ. 2024ರಲ್ಲಿ ಒಂದೇ ವರ್ಷಕ್ಕೆ ಮೂರು ಪರೀಕ್ಷೆಗಳ ಅವಕಾಶ ಕೊಟ್ಟದ್ದು, ನನ್ನ ಮಟ್ಟಿಗೆ, ಕೃಪಾಂಕಕ್ಕಿಂತ ದೊಡ್ಡ ಕೃಪೆ. ಸೋತ ಹುಡುಗಿ ಅದೇ ಬೇಸಗೆಯಲ್ಲಿ ಮತ್ತೆ ಕೂರಬಹುದು. ಅವಳ ಅಪ್ಪನಿಗೂ ಒಂದೆರಡು ತಿಂಗಳು ತಾಳಿಕೊ ಎನ್ನಬಹುದು.

ನಕಲಿನ ಮಾತು ಇಷ್ಟಾಯಿತು. ಇದಕ್ಕಿಂತ ಕಠಿನವಾದದ್ದು, ಯಾವ ಕ್ಯಾಮೆರಾಕ್ಕೂ ಕಾಣದ ಇನ್ನೊಂದು ಸಂಗತಿ. ಅದಕ್ಕೆ ಪಾಸಿಂಗ್ ಪ್ಯಾಕೇಜ್ ಎಂದು ಹೆಸರು. ಕನ್ನಡದಲ್ಲಿ ಬೇರೆ ಹೆಸರಿಡಲು ಯಾರಿಗೂ ಧೈರ್ಯವಾಗಿಲ್ಲ. ಹಿಂದುಳಿದ ಮಕ್ಕಳನ್ನು ಬೇರೆ ಮಾಡಿ, ಪಾಸಿಗೆ ಬೇಕಾದಷ್ಟು ಅಂಕ ಬರುವ ಪ್ರಶ್ನೆಗಳನ್ನು ಆರಿಸಿ, ಜನವರಿಯಿಂದ ಮಾರ್ಚಿಯವರೆಗೆ ಅವನ್ನೇ ತಿದ್ದಿಸುವುದು. ಗಣಿತದಲ್ಲಿ ಒಂದು ಪ್ರಮೇಯ, ಒಂದು ನಕ್ಷೆ, ಒಂದು ರಚನೆ. ಸಮಾಜಶಾಸ್ತ್ರದಲ್ಲಿ ಭಾರತದ ಭೂಪಟ. ಕನ್ನಡದಲ್ಲಿ ಒಂದು ಪದ್ಯದ ಬಾಯಿಪಾಠ, ಒಂದು ಪತ್ರ, ಒಂದು ಗಾದೆಯ ವಿಸ್ತರಣೆ, ಒಂದು ಪ್ರಸ್ತಾರ. ಜೊತೆಗೆ ಶಾಲೆಯೇ ಕೊಡುವ ಆಂತರಿಕ ಅಂಕಗಳು ಉಂಟು. ಇದು ಮೋಸವಲ್ಲ. ಇದನ್ನು ಮಾಡುವ ಉಪಾಧ್ಯಾಯರು ಒಬ್ಬೊಬ್ಬರು ಐದಾರು ಮಕ್ಕಳನ್ನು ದತ್ತು ತೆಗೆದುಕೊಂಡಂತೆ ವಹಿಸಿಕೊಂಡು, ಬೆಳಗಿನ ಐದು ಗಂಟೆಗೆ ಅವರ ಮನೆಗೆ ಫೋನು ಮಾಡಿ ಎಬ್ಬಿಸುತ್ತಾರೆ; ಸಂಜೆ ಶಾಲೆಯಲ್ಲೇ ಕೂರಿಸಿ ಓದಿಸುತ್ತಾರೆ; ಕೈಯಿಂದ ಹಣ ಹಾಕಿ ಮಂಡಕ್ಕಿ ತರಿಸುತ್ತಾರೆ. ಇಂಥವರನ್ನು ಟೀಕಿಸುವಾಗ ಲೇಖನಿ ಹಿಂಜರಿಯುತ್ತದೆ, ಹಿಂಜರಿಯಲೂ ಬೇಕು.

ಆದರೆ ಅವರು ದಾಟಿಸಿದ ಮಕ್ಕಳು ಜೂನಿನಲ್ಲಿ ಬಂದು ಕೂರುವುದು ನನ್ನಂಥವರ ತರಗತಿಯಲ್ಲಿ. ಪ್ರಥಮ ಭಾಷೆಗೆ 125 ಅಂಕ. ನೂರಕ್ಕೆ ಮೇಲೆ ತಂದ ಮಕ್ಕಳು ಕನ್ನಡ ವಿಭಾಗದಲ್ಲಿ ಬೇಕಾದಷ್ಟು ಮಂದಿ. ಯಾವ ಗಾದೆ ಕೊಟ್ಟರೂ ಇವರಲ್ಲಿ ಬಹುಮಂದಿ ಒಂದೇ ರೀತಿ ಆರಂಭಿಸುತ್ತಾರೆ: ಗಾದೆಗಳು ವೇದಗಳಿಗೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು, ಗಾದೆಗಳು ಹಿರಿಯರ ಅನುಭವದ ನುಡಿಮುತ್ತುಗಳು. ಮೂರು ವಾಕ್ಯ, ಒಂದು ಅಂಕ. ಮುಂದೆ ಕೊಟ್ಟ ಗಾದೆಯನ್ನೇ ಎರಡು ಸಲ ಬರೆಯುತ್ತಾರೆ; ಕೊನೆಯಲ್ಲಿ 'ಎಂಬುದು ಈ ಗಾದೆಯ ಅರ್ಥವಾಗಿದೆ' ಎಂದು ಮುಗಿಸುತ್ತಾರೆ. ಅರ್ಥ ಮಾತ್ರ ಎಲ್ಲಿಯೂ ಇರುವುದಿಲ್ಲ. ಒಮ್ಮೆ, ಪರೀಕ್ಷೆಯಲ್ಲಿ ಬಾರದ, ಆದರೆ ಮನೆಯಲ್ಲಿ ಅಜ್ಜಿ ದಿನವೂ ಆಡುವ ಗಾದೆಯೊಂದನ್ನು ಹೇಳಿ ಬರೆದು ತೋರಿಸಿರೆಂದೆ. 'ವೇದಗಳಿಗೆ ಸಮಾನ' ಮತ್ತೆ ಬಂತು. ಅಜ್ಜಿ ಬರಲಿಲ್ಲ.

ಪ್ಯಾಕೇಜು ತಪ್ಪೆಂದು ಇದರಿಂದ ನಾನು ತೀರ್ಮಾನಿಸುವುದಿಲ್ಲ. ಮುಳುಗುವವನಿಗೆ ಈಜು ಕಲಿಸುವ ಹೊತ್ತಲ್ಲ ಅದು. ಕೂದಲು ಹಿಡಿದಾದರೂ ಎಳೆಯಬೇಕು. ನನ್ನ ಆಕ್ಷೇಪ ಬೇರೆ. ಎಳೆದು ದಡಕ್ಕೆ ಹಾಕಿದವನನ್ನು ಈಜುಗಾರನೆಂದು ಪಟ್ಟಿಯಲ್ಲಿ ಸೇರಿಸಿ, ಆ ಪಟ್ಟಿಯನ್ನು ಜಿಲ್ಲಾಧಿಕಾರಿಗಳ ಸಭೆಯಲ್ಲಿ ಓದಿ, ಮುಂದಿನ ವರ್ಷ ಈಜು ಕಲಿಸುವವರ ಹುದ್ದೆ ತುಂಬದೆ ಬಿಡುತ್ತೇವಲ್ಲ, ಅದು ಆಕ್ಷೇಪ. ಮೂರನೆಯ ತರಗತಿಯಲ್ಲಿ ಒತ್ತಕ್ಷರ ಹಿಡಿಯದ ಮಗು ಎಲ್ಲರ ಕಣ್ಣೆದುರಿಗೆ ಹತ್ತಕ್ಕೆ ಬಂದದ್ದು ಹೇಗೆ ಎಂಬ ಪ್ರಶ್ನೆಯನ್ನು ಶೇಕಡ 83 ಕೇಳುವುದಿಲ್ಲ. ಶೇಕಡ 54 ಕೇಳುತ್ತದೆ. ಆದ್ದರಿಂದಲೇ 2024ರ ಆ ಅಂಕಿಯನ್ನು ಸರಕಾರ ತನ್ನ ಅವಮಾನವೆಂದು ಬಚ್ಚಿಡದೆ ಹಾಗೆಯೇ ಒಪ್ಪಿಕೊಂಡಿದ್ದರೆ ಚೆನ್ನಾಗಿತ್ತು. ಮಕ್ಕಳಿಗೆ ಬೇಕಿದ್ದರೆ ದಾಟುವ ಪತ್ರವನ್ನು ಕೊಡಲಿ, ಅದು ದಯೆ. ಅಂಕಿಯನ್ನು ಮಾತ್ರ ಮುಟ್ಟಬಾರದಾಗಿತ್ತು. ಅದು ನಾಡಿನ ಮಕ್ಕಳೆಲ್ಲ ಸೇರಿ ಬರೆದ ಒಂದು ಅರ್ಜಿ.

2025ರ ಅಕ್ಟೋಬರಿನಲ್ಲಿ ಉತ್ತೀರ್ಣತೆಯ ಮಟ್ಟವನ್ನು ಶೇಕಡ 35ರಿಂದ 33ಕ್ಕೆ ಇಳಿಸುವುದಾಗಿ ಪ್ರಕಟವಾಯಿತು; 625ಕ್ಕೆ 206 ಬಂದರೆ ಸಾಕು. ಇದನ್ನು ಪ್ರಳಯವೆಂದು ಕೂಗುವವರೊಡನೆ ನನಗೆ ಮನಸ್ಸು ಸೇರದು. ಮೂವತ್ತೈದು ವೇದವಾಕ್ಯವೇನಲ್ಲ, ಗೆರೆಯನ್ನು ಎಲ್ಲಿ ಎಳೆದರೂ ಅದು ಗೆರೆಯೇ. ಗೆರೆಯ ಕೆಳಗಿನವನಿಗೆ ಏನು ಮಾಡುತ್ತೇವೆಂಬುದು ಮೂವತ್ತೈದರಲ್ಲೂ ತೀರ್ಮಾನವಾಗಿರಲಿಲ್ಲ, ಮೂವತ್ತಮೂರರಲ್ಲೂ ಆಗಿಲ್ಲ.

ಕೆಲವು ವರ್ಷಗಳಿಂದ ನಾನು ಹೊಸ ತರಗತಿಯ ಮೊದಲ ವಾರದಲ್ಲಿ ಒಂದೊಂದು ಖಾಲಿ ಹಾಳೆ ಕೊಟ್ಟು, ಮನೆಯಿಂದ ಕಾಲೇಜಿಗೆ ಬರುವ ದಾರಿಯನ್ನು ಬರೆಯಿರಿ ಎನ್ನುತ್ತೇನೆ. ಯಾವ ಪ್ಯಾಕೇಜಿನಲ್ಲೂ ಇಲ್ಲದ ವಿಷಯ. ಅಂಕವಿಲ್ಲ, ಕೆಂಪು ಶಾಯಿಯಿಲ್ಲ. ಎಷ್ಟು ಅಂಕ ಎಂದು ಕೇಳುವವರು ಪ್ರತಿ ವರ್ಷ ಇರುತ್ತಾರೆ. ಅಂಕವಿಲ್ಲವೆಂದರೆ ಮೊದಲು ಸಂಶಯದಿಂದ ನೋಡುತ್ತಾರೆ. 2024ರ ತಂಡದಲ್ಲಿ ಕನ್ನಡಕ್ಕೆ ತೊಂಬತ್ತೆಂಟು ತಂದ ಹುಡುಗಿಯೊಬ್ಬಳು ನಾಲ್ಕೇ ಸಾಲು ಬರೆದಿದ್ದಳು. ದಾರಿಯಲ್ಲಿ ಒಂದು 'ಅಳ್ಳ' ಇದೆಯೆಂದೂ ಮಳೆ ಬಂದರೆ ಅದು ತುಂಬುವುದೆಂದೂ ಅದರಲ್ಲಿ ಇತ್ತು. ಹಳ್ಳ ಎಂದು ತಿದ್ದುವ ಮೊದಲು ಅದು ಎಲ್ಲಿದೆಯೆಂದು ಕೇಳಿದೆ. ಆಷಾಢದಲ್ಲಿ ಮೊಣಕಾಲಿನವರೆಗೆ ನೀರು, ಚಪ್ಪಲಿ ಕೈಯಲ್ಲಿ ಹಿಡಿದು ದಾಟಬೇಕು, ದಾಟಲಾಗದ ದಿನ ಕಾಲೇಜಿಲ್ಲ, ಎಂದಳು. ಇದನ್ನೂ ಬರೆಯಬಹುದೇ ಎಂದು ಕೇಳಿದಳು. ಬರೆ ಎಂದೆ. ಮರುದಿನ ಎರಡು ಹಾಳೆ ತುಂಬ ಬರೆದು ತಂದಳು. ತಪ್ಪುಗಳು ನಲವತ್ತಕ್ಕೂ ಮಿಕ್ಕಿದ್ದುವು.